ದೂರಸ್ಥ ಚಿತ್ರಗಳ ಕ್ರಾಪ್: ಒಂದೇ ಅಂಕಿಗೆ ಎರಡು ಸ್ಥಾನ

1. ವ್ಯಾಪ್ತಿ
ಸರ್ವರ್‌ನಿಂದ ಬರುವ ಚಿತ್ರವನ್ನು ಆ್ಯಪ್‌ನ ಚೌಕಟ್ಟಿನ ತುಂಬ ಕೂರಿಸುವಾಗ ಎಷ್ಟು ಭಾಗ ಕತ್ತರಿಸಬೇಕೆಂಬುದು ಎರಡರ ಅಗಲ–ಎತ್ತರಗಳಿಂದಲೇ ತೀರ್ಮಾನವಾಗುತ್ತದೆ. ಯಾವ ಭಾಗವನ್ನು ಎಂಬುದು ಹಾಗಲ್ಲ. ಆಂಡ್ರಾಯ್ಡ್‌ನ ಸೆಂಟರ್‌ಕ್ರಾಪ್ ನಡುಭಾಗವನ್ನಷ್ಟೇ ಉಳಿಸುತ್ತದೆ. ಬೇರೆ ಭಾಗ ಬೇಕಿದ್ದರೆ ಚಿತ್ರದೊಂದಿಗೆ 0ರಿಂದ 1ರೊಳಗಿನ ಅಂಕಿಯೊಂದನ್ನು ಕಳಿಸಬಹುದು. ಆದರೆ ಆ ಅಂಕಿಯ ಅರ್ಥ ಎಲ್ಲ ಸಲಕರಣೆಗಳಲ್ಲೂ ಒಂದೇ ಅಲ್ಲ. ಇಲ್ಲಿ ಅಡ್ಡ ದಿಕ್ಕನ್ನು ಮಾತ್ರ ಪರಿಶೀಲಿಸಲಾಗಿದೆ.

2. ಎರಡು ನಿಯಮ
(ಅ) ಅನುಪಾತ ನಿಯಮ: ಚಿತ್ರದ ಶೇ 30ರ ಬಿಂದು ಚೌಕಟ್ಟಿನ ಶೇ 30ರ ಬಿಂದುವಿನ ಮೇಲೆ ಬೀಳಬೇಕು. ಹಿನ್ನೆಲೆ ಚಿತ್ರಗಳ ಮಟ್ಟಿಗೆ ಇದು 1996ರ ಡಿಸೆಂಬರಿನ ಸಿಎಸ್‌ಎಸ್ ಮೊದಲ ಆವೃತ್ತಿಯಲ್ಲೇ ಇದೆ. ಅಲ್ಲಿನ ಉದಾಹರಣೆ ಶೇ 14 ಮತ್ತು ಶೇ 84. ಫ್ಲಟರ್‌ನ ಅಲೈನ್‌ಮೆಂಟ್ ಕೂಡ ಇದೇ ನಿಯಮದ್ದು. ಅದರ ಅಳತೆ ಮಾತ್ರ -1ರಿಂದ 1ರವರೆಗೆ; ಹಾಗಾಗಿ 0.3 ಎಂಬುದು ಅಲ್ಲಿ -0.4.

(ಆ) ಕೇಂದ್ರ ನಿಯಮ: ಫೇಸ್‌ಬುಕ್ 2015ರಲ್ಲಿ ಹೊರತಂದ ಫ್ರೆಸ್ಕೊದ ಫೋಕಸ್‌ಕ್ರಾಪ್, ಸೂಚಿಸಿದ ಬಿಂದುವನ್ನು ಚೌಕಟ್ಟಿನ ನಡುವಿಗೆ ಎಳೆಯುತ್ತದೆ, ಅಂಚಿನಲ್ಲಿ ಖಾಲಿ ಜಾಗ ಕಾಣುವಂತಾದರೆ ಅಲ್ಲಿಗೇ ನಿಲ್ಲುತ್ತದೆ.

3. ಅಂತರದ ಪ್ರಮಾಣ
1600×800 ಪಿಕ್ಸೆಲ್‌ಗಳ ಚಿತ್ರ, 400×400ರ ಚೌಕಟ್ಟು ಎಂದಿಟ್ಟುಕೊಳ್ಳೋಣ. ಚಿತ್ರ 800×400ಕ್ಕೆ ಇಳಿಯುತ್ತದೆ. ಅಗಲದಲ್ಲಿ 400 ಕತ್ತರಿಸಬೇಕು. ಮುಖ 0.3ರಲ್ಲಿ, ಅಂದರೆ ಎಡದಿಂದ 240ರಲ್ಲಿ ಇದೆ. ಅನುಪಾತ ನಿಯಮ ಎಡಗಡೆ 120 ಕತ್ತರಿಸಿ ಮುಖವನ್ನು ಚೌಕಟ್ಟಿನ 120ಕ್ಕೆ ತರುತ್ತದೆ. ಕೇಂದ್ರ ನಿಯಮ 40 ಕತ್ತರಿಸಿ ಅದನ್ನು 200ರಲ್ಲಿ, ನಟ್ಟನಡುವೆ, ಕೂರಿಸುತ್ತದೆ. ಅಂತರ 80. ಇದೇ ಅಳತೆಗಳಿಗೆ ಗರಿಷ್ಠ ಅಂತರ 100, ಅದು 0.25 ಮತ್ತು 0.75ರಲ್ಲಿ ಬರುತ್ತದೆ. 0, 0.5 ಮತ್ತು 1ರಲ್ಲಿ ಮಾತ್ರ ಅಂತರ ಸೊನ್ನೆ. ಎಡ, ನಡು, ಬಲ ಎಂಬ ಮೂರೇ ಸ್ಥಾನಗಳನ್ನು ಪರೀಕ್ಷಿಸಿದವರಿಗೆ ಎರಡೂ ನಿಯಮ ಒಂದೇ ಎಂದು ತೋರಿದರೆ ಆಶ್ಚರ್ಯವಿಲ್ಲ.

4. ಪರಿವರ್ತನೆ
ಕೇಂದ್ರ ನಿಯಮದ ಫಲವನ್ನು ಅನುಪಾತ ನಿಯಮದ ಸಲಕರಣೆಯಲ್ಲಿ ಪಡೆಯಲು, ಎಡಗಡೆ ಕತ್ತರಿಸಬೇಕಾದ ಅಗಲವನ್ನು ಒಟ್ಟು ಕತ್ತರಿಸುವ ಅಗಲದಿಂದ ಭಾಗಿಸಬೇಕು: 40/400, ಅಂದರೆ 0.1, ಫ್ಲಟರ್‌ನಲ್ಲಿ -0.8. ಕತ್ತರಿಸುವ ಅಗಲವೇ ಸೊನ್ನೆಯಾದಾಗ ಈ ಲೆಕ್ಕ ಅನ್ವಯಿಸದು.

5. ಮಿತಿ
ಮೇಲಿನ ಭಾಗಾಕಾರಕ್ಕೆ ಚಿತ್ರದ ಅಳತೆ ಮೊದಲೇ ಗೊತ್ತಿರಬೇಕು. ದೂರಸ್ಥ ಚಿತ್ರದಲ್ಲಿ ಕಡತದ ಶಿರೋಭಾಗ ಬರುವವರೆಗೆ ಅದು ತಿಳಿಯದು. ಬಿಂದುವಿನೊಂದಿಗೆ ಅಗಲ–ಎತ್ತರಗಳನ್ನೂ ಸರ್ವರ್‌ನಿಂದಲೇ ಕಳಿಸುವುದು ಬಹುಶಃ ಹೆಚ್ಚು ಸುರಕ್ಷಿತ. ಆಗಲೂ ಅವು ಚಿತ್ರವನ್ನು ತಿರುಗಿಸುವ ಮುಂಚಿನವೋ ನಂತರದವೋ ಎಂಬುದು ನಮೂದಾಗಿರಬೇಕು: ಎಕ್ಸಿಫ್ ಓರಿಯೆಂಟೇಶನ್‌ನ ಎಂಟು ಮೌಲ್ಯಗಳಲ್ಲಿ 5ರಿಂದ 8ರವರೆಗಿನವು ಅಗಲವನ್ನೂ ಎತ್ತರವನ್ನೂ ಅದಲುಬದಲು ಮಾಡುತ್ತವೆ.