ಆಸ್ಟಿನ್ ಸೆವೆನ್ನಿನ ಎಣ್ಣೆಯ ದಾರಿ

1921ರಲ್ಲಿ ಸರ್ ಹರ್ಬರ್ಟ್ ಆಸ್ಟಿನ್ ಅವರು ಬರ್ಮಿಂಗ್‌ಹ್ಯಾಮ್ ಬಳಿಯ ತಮ್ಮ ಮನೆಯಲ್ಲಿ ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟರ ಹುಡುಗನನ್ನು ಕೂರಿಸಿಕೊಂಡು ಪುಟ್ಟ ಕಾರೊಂದರ ನಕ್ಷೆ ಬರೆಸಿದರು. ಮಾರನೆಯ ವರ್ಷ ಹೊರಬಂದ ಆಸ್ಟಿನ್ ಸೆವೆನ್ ಸಂಸಾರಸ್ಥರ ಅಗ್ಗದ ಬಂಡಿ. ಆದರೆ ಬಹುಬೇಗ ರೇಸಿನ ಹುಡುಗರ ಕೈಗೂ ಸಿಕ್ಕಿತು. 1929ರ ಅಲ್ಸ್ಟರ್ ಟಿ.ಟಿ. ರೇಸಿನಲ್ಲಿ ಮರ್ಸಿಡಿಸ್‌ನ ಕರಾಚಿಯೋಲಾ ಗೆದ್ದರೆ, ಈ 747 ಸಿ.ಸಿ.ಯ ಪುಟಾಣಿಯಲ್ಲಿ ಆರ್ಚಿ ಫ್ರೇಜರ್-ನ್ಯಾಶ್ ಮೂರನೆಯವರಾಗಿ ಬಂದರು!

ಈ ಎಂಜಿನ್ನಿನ ಜೀವ ಇದ್ದುದು ಎರಡು ಜೆಟ್ಟುಗಳಲ್ಲಿ. ಪಂಪು ಎಣ್ಣೆಯನ್ನು ಇವುಗಳ ಸಣ್ಣ ರಂಧ್ರಗಳಿಂದ ತಿರುಗುತ್ತಿರುವ ಕ್ರ್ಯಾಂಕಿನತ್ತ ಚಿಮ್ಮಿಸುತ್ತದೆ. ಕ್ರ್ಯಾಂಕಿನ ತೋಡು ಆ ಧಾರೆಯನ್ನು ಹಿಡಿದುಕೊಳ್ಳುತ್ತದೆ. ತಿರುಗುವ ರಭಸವೇ ಅದನ್ನು ಬಿಗ್-ಎಂಡ್ ಬೇರಿಂಗಿಗೆ ದೂಡುತ್ತದೆ. ‘ಉಗುಳಿ ದೇವರ ಮೇಲೆ ಭಾರ ಹಾಕುವ’ ಪದ್ಧತಿ ಎಂದು ಇಂಗ್ಲಿಷರೇ ಇದನ್ನು ತಮಾಷೆ ಮಾಡುತ್ತಿದ್ದರು.

ಚಾಲಕನಿಗೆ ಇದ್ದ ಸುಳಿವೆಂದರೆ ಡ್ಯಾಶ್‌ಬೋರ್ಡಿನ ಒಂದು ಗುಂಡಿ. ಒತ್ತಡವಿದ್ದರೆ ಗುಂಡಿ ಹೊರಕ್ಕೆ ಬರುತ್ತದೆ. ಮೋಸವಿರುವುದು ಇಲ್ಲಿಯೇ. ಜೆಟ್ಟಿನಲ್ಲಿ ಕಸ ಕಟ್ಟಿಕೊಂಡರೆ ಎಣ್ಣೆಗೆ ಹೋಗಲು ದಾರಿಯಿಲ್ಲದೆ ಒತ್ತಡ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಗುಂಡಿ ಜಂಬದಿಂದ ನಿಂತಿರುತ್ತದೆ, ಒಳಗೆ ಬೇರಿಂಗಿನ ಬಿಳಿಲೋಹ ಕರಗುತ್ತಿರುತ್ತದೆ. ಬಿ.ಪಿ. ಸರಿಯಿದೆಯೆಂದು ಹೃದಯದ ರಕ್ತನಾಳ ತೆರೆದಿದೆಯೆಂದು ನಾವು ವೈದ್ಯರು ಹೇಳುತ್ತೇವೆಯೇ? ಒತ್ತಡ ಬೇರೆ, ಹರಿವು ಬೇರೆ.

ಆದ್ದರಿಂದ ಬಲ್ಲ ಮೆಕ್ಯಾನಿಕ್ ಗುಂಡಿಯನ್ನು ನಂಬುತ್ತಿರಲಿಲ್ಲ. ಎಣ್ಣೆಯ ಮಟ್ಟ, ಜಾಲರಿ, ಪಂಪು ನೋಡಿದ ಮೇಲೆ ಕ್ರ್ಯಾಂಕ್‌ಕೇಸಿನ ಪಕ್ಕದ ಪ್ಲಗ್ಗುಗಳನ್ನು ಬಿಚ್ಚಿ ಜೆಟ್ಟಿನೊಳಗೆ ತೆಳು ತಂತಿ ಆಡಿಸುತ್ತಿದ್ದ. ನಮ್ಮ ಕ್ಯಾಥೆಟರಿನ ಅಣ್ಣನೇ ಅನ್ನಿ! ತಂತಿ ದಪ್ಪವಾಗಿ ರಂಧ್ರ ಹಿಗ್ಗಿತೋ, ಧಾರೆ ಗುರಿ ತಪ್ಪುತ್ತದೆ. ಎಂಜಿನ್ ಬಿಚ್ಚಿದ್ದಾಗ ಎಣ್ಣೆಯ ದಾರಿಗೆ ಕ್ಯಾನಿನಿಂದ ಎಣ್ಣೆ ತಳ್ಳಿ, ಎರಡೂ ಧಾರೆಗಳು ಸಮನಾಗಿ ಬಂದು ಕ್ರ್ಯಾಂಕಿನ ತೋಡಿಗೇ ಬೀಳುತ್ತವೆಯೇ ಎಂದು ಕಣ್ಣಾರೆ ನೋಡುವುದು ಇನ್ನೂ ಖಚಿತವಾದ ಪರೀಕ್ಷೆ.

ಹಳೆಯ ಎಣ್ಣೆಗಳಲ್ಲಿ ಡಿಟರ್ಜೆಂಟ್ ಇರಲಿಲ್ಲ. ಮಡ್ಡಿ ತಳದಲ್ಲಿ, ತೋಡುಗಳಲ್ಲಿ ಕೂರುತ್ತಿತ್ತು. ತೊಳೆಯದ ಹಳೆಯ ಎಂಜಿನ್ನಿಗೆ ಏಕಾಏಕಿ ಇಂದಿನ ಎಣ್ಣೆ ಸುರಿದರೆ ಆ ಮಡ್ಡಿ ಸಡಿಲಗೊಂಡು ಜೆಟ್ಟಿಗೆ ಬಂದು ಸಿಕ್ಕಿಕೊಳ್ಳಬಹುದು. ನಮ್ಮ ಭಾಷೆಯಲ್ಲಿ ಎಂಬೋಲಿಸಮ್! ಮೊದಲು ಸಂಪ್ ಬಿಚ್ಚಿ ತೊಳೆಯಬೇಕು.

ಆ ರೇಸಿನ ಹೆಸರನ್ನೇ ಹೊತ್ತ ಅಲ್ಸ್ಟರ್ ಮಾದರಿಯಲ್ಲಿ ಕ್ರ್ಯಾಂಕಿನ ಒಳಗೇ ದಾರಿ ಕೊರೆದು ಎಣ್ಣೆಯನ್ನು ಒತ್ತಡದಿಂದ ಬೇರಿಂಗಿಗೆ ಮುಟ್ಟಿಸಿದರು. ಅಲ್ಲಿ ಬೇರಿಂಗ್ ಸವೆದರೆ ಎಣ್ಣೆ ಸೋರಿ ಒತ್ತಡ ಇಳಿಯುತ್ತದೆ, ಗೇಜು ಅದನ್ನು ತೋರಿಸುತ್ತದೆ. ಮಡ್ಡಿ ಮಾತ್ರ ಕ್ರ್ಯಾಂಕಿನ ಹೊಟ್ಟೆಯೊಳಗೆ ಸೇರಿಕೊಂಡಿತು. ಅದನ್ನು ತೆಗೆಯಲು ಎಂಜಿನ್ನನ್ನು ಪೂರ್ತಿ ಕಳಚದೆ ಗತಿಯಿಲ್ಲ.