ಖಬರಿಲ್ಲದವರ ಖಬರು

ಧಾರವಾಡ, ವಿಜಯಪುರ, ಕಲಬುರಗಿ ಕಡೆ ಯಾರ ಮನೆಯ ಕಟ್ಟೆಯ ಮೇಲೆ ಮಾತಿಗೆ ಕೂತರೂ ಸ್ವಲ್ಪ ಹೊತ್ತಿಗೆ ಕಿವಿಗೆ ಬೀಳುವ ಪದ ‘ಖಬರು’. ಬೀದಿಗೆ ಅಡ್ಡ ಓಡಿದ ಮಗನನ್ನು ತಾಯಿ ‘ಮೈಮ್ಯಾಲ ಖಬರ್ ಐತಿಲ್ಲೋ ನಿನಗ?’ ಎಂದು ಗದರುತ್ತಾಳೆ. ಜ್ವರ ಏರಿ ಮಲಗಿದವನು ‘ಖಬರಿಲ್ಲದ ಬಿದ್ದಿದ್ದ’. ಹೊತ್ತುಗೊತ್ತು ತಿಳಿಯದೆ ನಾಲಗೆ ಹರಿಬಿಡುವವನು ಖಬರಗೇಡಿ. ಇಲ್ಲೆಲ್ಲ ಖಬರು ಎಂದರೆ ಎಚ್ಚರ, ಪರಿವೆ, ಪ್ರಜ್ಞೆ. ಹುಟ್ಟಿದೂರಾದ ಅರಬ್ಬಿಯಲ್ಲಿ ಅದರ ಅರ್ಥ ಸುದ್ದಿ, ಅಷ್ಟೇ. ಪಾರ್ಸಿ, ದಖನಿ, ಮರಾಠಿಗಳ ಬಾಯಿ ದಾಟಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಹೊರಗಿನ ಸುದ್ದಿ ಒಳಗಿನ ಎಚ್ಚರವಾಯಿತು. ಸುತ್ತಲ ಸುದ್ದಿ ಗೊತ್ತಿದ್ದವನಿಗೆ ಮಾತ್ರ ಎಚ್ಚರ ಇರುತ್ತದೆ ಎಂಬ ತಿಳಿವಳಿಕೆ ಆ ಬದಲಾವಣೆಯೊಳಗೇ ಇದೆ.

ಈ ಪದದ ಬಳಗ ದೊಡ್ಡದು. ಖಬರಿನ ಬಹುವಚನ ಅಖಬಾರು, ಅಂದರೆ ವೃತ್ತಪತ್ರಿಕೆ. ಖಬರು ಇಟ್ಟುಕೊಂಡವನು ಖಬರ್‌ದಾರ್; ಕಂಪನಿ ನಾಟಕದ ರಂಗಕ್ಕೆ ಬಂದ ಮೇಲೆ ಅದು ‘ಹುಷಾರ್!’ ಎಂಬ ಗುಡುಗಾಯಿತು. ಮೊಗಲರ ಕಾಲದಲ್ಲಿ ಪ್ರಾಂತ್ಯಗಳಲ್ಲಿ ಅಖಬಾರ್ ನವೀಸರು ಇರುತ್ತಿದ್ದರು. ಅಲ್ಲಿ ನಡೆದದ್ದನ್ನೆಲ್ಲ ಬರೆದು ಅರಮನೆಗೆ ಕಳಿಸುವುದು ಅವರ ಕಸುಬು. ಅವರನ್ನು ಪತ್ರಕರ್ತರೆನ್ನಬೇಕೋ ಗೂಢಚಾರರೆನ್ನಬೇಕೋ ಹೇಳುವುದು ಕಷ್ಟ. ನಮ್ಮ ‘ಬಾತ್ಮಿ’ಗೂ ಇದೇ ಗತಿ. ಪತ್ರಿಕೆಗೆ ಸುದ್ದಿ ಕಳಿಸುವವನು ಬಾತ್ಮೀದಾರ. ಪೊಲೀಸ್ ಠಾಣೆಯ ಕಾಗದದಲ್ಲಿ ‘ಖಚಿತ ಬಾತ್ಮಿ ಬಂದ ಮೇರೆಗೆ’ ಎಂದು ಬರೆದಾಗ ಆ ಬಾತ್ಮಿ ಕೊಟ್ಟವನ ಹೆಸರು ಎಲ್ಲಿಯೂ ಇರುವುದಿಲ್ಲ. ಸುದ್ದಿಯನ್ನು ಎಲ್ಲರಿಗೂ ಹಂಚಬಹುದು, ಒಬ್ಬನಿಗೆ ಮಾತ್ರ ಮುಟ್ಟಿಸಬಹುದು. ಎರಡನೆಯದನ್ನೇ ರಾಜ್ಯಭಾರದ ಬುನಾದಿ ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇದೇ ಪದದ ಇನ್ನೊಂದು ಕುಡಿ ಸಾಕ್ಷಿ: ಮುಖಾಬರಾತ್.

ಅರಬ್ ದೇಶಗಳಲ್ಲಿ ಗುಪ್ತಚರ ಇಲಾಖೆಗೆ ಇರುವ ಸಾಮಾನ್ಯ ಹೆಸರಿದು. ಸಿರಿಯಾದಲ್ಲಿ ಮಾತ್ರ ಅದು ಇಲಾಖೆಯ ಹೆಸರಾಗಿ ಉಳಿಯದೆ ಗಾಳಿಯಂತೆ ಎಲ್ಲೆಲ್ಲೂ ಇತ್ತು. 1970ರ ನವೆಂಬರ್‌ನಲ್ಲಿ ಕ್ಷಿಪ್ರಕ್ರಾಂತಿ ನಡೆಸಿ ಗದ್ದುಗೆ ಹಿಡಿದ ಹಫೀಜ್ ಅಲ್ ಅಸಾದ್ ಒಂದೇ ಗುಪ್ತಚರ ಸಂಸ್ಥೆಯನ್ನು ನಂಬುವ ಮನುಷ್ಯನಲ್ಲ. ಸೇನಾ ಗುಪ್ತಚರ, ವಾಯುಪಡೆಯ ಗುಪ್ತಚರ, ರಾಜಕೀಯ ಭದ್ರತೆ, ಸಾಮಾನ್ಯ ಗುಪ್ತಚರ ಎಂದು ನಾಲ್ಕು ಸಂಸ್ಥೆಗಳು ಜನರ ಮೇಲೆ ಕಣ್ಣಿಟ್ಟಿದ್ದವು, ಜೊತೆಗೆ ಒಂದರ ಮೇಲೊಂದು ಕಣ್ಣಿಟ್ಟಿದ್ದವು. ಅಸಾದ್ ಸ್ವತಃ ವಾಯುಪಡೆಯಿಂದ ಬಂದವನಾದ್ದರಿಂದ ಅದರ ಗುಪ್ತಚರಕ್ಕೆ ವಿಮಾನಗಳಿಗಿಂತ ಮನುಷ್ಯರ ಮೇಲೇ ಹೆಚ್ಚು ಗಮನ. ಶಾಖೆಗಳಿಗೆ ಹೆಸರಿಗಿಂತ ಸಂಖ್ಯೆಯೇ ಗುರುತು: 215, 227, 235, 251. ಆ ಸಂಖ್ಯೆ ಕೇಳಿದರೇ ದಮಾಸ್ಕಸ್‌ನ ಜನ ದನಿ ತಗ್ಗಿಸುತ್ತಿದ್ದರು. 1963ರಲ್ಲಿ ಹೇರಿದ ತುರ್ತು ಪರಿಸ್ಥಿತಿಯನ್ನು ತೆಗೆದದ್ದು 2011ರಲ್ಲಿ. ಅಷ್ಟರಲ್ಲಿ ಹಫೀಜ್ ಸತ್ತು, ಕಣ್ಣಿನ ವೈದ್ಯನಾಗಿದ್ದ ಮಗ ಬಷರ್ ಪಟ್ಟಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಪಟ್ಟಕ್ಕೆ ಬರುವಾಗ ಅವನಿಗೆ 34 ವಯಸ್ಸೆಂದು ಅಧ್ಯಕ್ಷರ ಕನಿಷ್ಠ ವಯಸ್ಸನ್ನೇ 40ರಿಂದ 34ಕ್ಕೆ ಇಳಿಸಿ ಸಂವಿಧಾನ ತಿದ್ದಿದ್ದರು.

ಮುಖಾಬರಾತಿಗೆ ಖಬರು ಸಿಗಬಾರದೆಂದು ಜನ ತಮ್ಮದೇ ಮಾತು ಕಟ್ಟಿಕೊಂಡರು. ಒಬ್ಬನನ್ನು ಹಿಡಿದೊಯ್ದರೆ ‘ಅವನು ಖಾಲಾನ ಮನೆಯಲ್ಲಿದ್ದಾನೆ’ ಎನ್ನುವರು. ಖಾಲಾ ಎಂದರೆ ತಾಯಿಯ ತಂಗಿ ಅಥವಾ ಅಕ್ಕ; ನಮ್ಮ ದಖನಿ ಮಾತಿನ ಮನೆಗಳಲ್ಲೂ ಅದೇ ಪದ. ಉರ್ದುವಿನಲ್ಲಿ ಖಾಲಾನ ಮನೆ ಎಂದರೆ ಯಾವ ಕಷ್ಟವೂ ಇಲ್ಲದ ಜಾಗ. ಸಿರಿಯನ್ನರು ಅದನ್ನು ಸೆರೆಮನೆಗೆ ಅಂಟಿಸಿದರು. ನಾವೂ ಜೈಲಿಗೆ ಶ್ರೀಕೃಷ್ಣ ಜನ್ಮಸ್ಥಾನ ಎನ್ನುತ್ತೇವೆ, ಆದರೆ ನಗುತ್ತ, ಗಟ್ಟಿಯಾಗಿ. ಅಲ್ಲಿ ಅದು ಪಿಸುಮಾತು. ಪಕ್ಕದಲ್ಲಿ ಕೂತವನು ಮಾಹಿತಿ ಕೊಡುವ ಆಸಾಮಿ ಎಂದು ಎಚ್ಚರಿಸಬೇಕಾದರೆ ‘ಅವನ ಕೈಬರಹ ಚೆಂದ’ ಎಂದರೆ ಸಾಕು, ವರದಿ ಬರೆಯುತ್ತಾನೆ ಎಂದು ಅರ್ಥವಾಗುತ್ತಿತ್ತು. ಡಾಲರಿನಲ್ಲಿ ವ್ಯವಹರಿಸಿದರೆ ವರ್ಷಗಟ್ಟಲೆ ಸೆರೆ ಎಂಬ ಕಾನೂನು ಬಂದಾಗ ಡಾಲರು ಕೊತ್ತಂಬರಿಯಂಥ ಸೊಪ್ಪಿನ ಹೆಸರು ಪಡೆಯಿತು, ಪುದೀನವೂ ಆಯಿತು.

2011ರಲ್ಲಿ ದಕ್ಷಿಣದ ದರಾ ಪಟ್ಟಣದ ಶಾಲೆಯ ಗೋಡೆಯ ಮೇಲೆ ಹುಡುಗರು ‘ಇನ್ನು ನಿನ್ನ ಸರದಿ, ಡಾಕ್ಟರೇ’ ಎಂಬರ್ಥದ ಸಾಲು ಗೀಚಿದರು. ಸಂಕೇತವಿಲ್ಲದೆ, ಮುಚ್ಚುಮರೆಯಿಲ್ಲದೆ ಬರೆದದ್ದೇ ಅವರ ಅಪರಾಧ. ಅವರನ್ನು ಹಿಡಿದು ಹಿಂಸಿಸಿದರು, ಊರು ಬೀದಿಗಿಳಿಯಿತು, ಗುಂಡು ಹಾರಿತು, ದೇಶ ಹೊತ್ತಿಕೊಂಡಿತು. ಹದಿಮೂರು ವರ್ಷ ಉರಿದ ಬೆಂಕಿಯಲ್ಲಿ ಲಕ್ಷಗಟ್ಟಲೆ ಜನ ಸತ್ತರು, ದೇಶದ ಅರ್ಧದಷ್ಟು ಜನ ಮನೆಮಠ ಬಿಟ್ಟರು.

ಅಸಾದ್ ಆಳ್ವಿಕೆ ಮುರಿದುಬಿದ್ದದ್ದು ಮಾತ್ರ ಹನ್ನೆರಡೇ ದಿನದಲ್ಲಿ. 2024ರ ನವೆಂಬರ್ 27ರಂದು ಇದ್ಲಿಬ್ ಕಡೆಯಿಂದ ಬಂಡುಕೋರರು ಹೊರಟರು. ಅಲೆಪ್ಪೊ, ಹಮಾ, ಹೋಮ್ಸ್ ಒಂದರ ಹಿಂದೊಂದು ಕೈಬಿಟ್ಟವು. ಸೈನಿಕರು ಸಮವಸ್ತ್ರ ಕಳಚಿ ರಸ್ತೆಗೆಸೆದು ಮನೆಯ ದಾರಿ ಹಿಡಿದರು. ಬೆನ್ನಿಗಿದ್ದ ರಷ್ಯಾ ಉಕ್ರೇನಿನಲ್ಲಿ ಸಿಕ್ಕಿಕೊಂಡಿತ್ತು, ಹಿಜ್ಬುಲ್ಲಾ ಇಸ್ರೇಲಿನ ಹೊಡೆತಕ್ಕೆ ಜರ್ಜರಿತವಾಗಿತ್ತು, ಇರಾನಿಗೂ ಕೈ ಚಾಚಲಾಗಲಿಲ್ಲ. ಡಿಸೆಂಬರ್ 7ರಂದು ಅಧ್ಯಕ್ಷರು ದೇಶ ಬಿಟ್ಟಿಲ್ಲ, ಎಲ್ಲ ವದಂತಿ ಎಂದು ಅರಮನೆ ಪ್ರಕಟಣೆ ಹೊರಡಿಸಿತು. ಮರುದಿನ ಬೆಳಗಾಗುವಷ್ಟರಲ್ಲಿ ದಮಾಸ್ಕಸ್ ಬಂಡುಕೋರರ ಕೈಯಲ್ಲಿತ್ತು. ಬಷರ್ ಅಲ್ ಅಸಾದ್ ಕರಾವಳಿಯಲ್ಲಿದ್ದ ರಷ್ಯಾದ ವಾಯುನೆಲೆಗೆ ಹೋಗಿ, ಅಲ್ಲಿಂದ ಮಾಸ್ಕೊಗೆ ಹಾರಿದ. ಹಿಂದಿನ ರಾತ್ರಿ ದೂರವಾಣಿಯಲ್ಲಿ ಮಾತಾಡಿದ್ದ ಪ್ರಧಾನಿಗೂ ಅವನು ನಾಳೆ ನೋಡೋಣ ಎಂದಷ್ಟೇ ಹೇಳಿದ್ದ. ಐವತ್ತನಾಲ್ಕು ವರ್ಷ ಪ್ರತಿಯೊಬ್ಬರ ಖಬರನ್ನೂ ಕಲೆಹಾಕಿದ ಮನೆತನದ ಕೊನೆಯ ಯಜಮಾನ ತನ್ನ ಸುತ್ತಲಿನವರಿಗೇ ಖಬರು ಕೊಡದೆ ಹೋದ.

ಇಂಥದ್ದಕ್ಕೆ ಅರಬ್ಬಿಯಲ್ಲಿ ಒಂದು ಮಾತಿದೆ. ಇನ್ನಿಲ್ಲವಾದದ್ದನ್ನು, ಕಾಣೆಯಾದದ್ದನ್ನು ‘ಕಾನದ ಖಬರಿಗೆ ಸೇರಿತು’ ಎನ್ನುತ್ತಾರೆ. ಇದು ವ್ಯಾಕರಣದಿಂದ ಬಂದ ನುಡಿಗಟ್ಟು. ಅರಬ್ಬಿ ವ್ಯಾಕರಣದಲ್ಲಿ ವಾಕ್ಯದ ಮೊದಲ ಭಾಗ ‘ಮುಬ್ತದಾ’, ಅದರ ಬಗ್ಗೆ ಹೇಳುವ ಎರಡನೆಯ ಭಾಗ ‘ಖಬರು’. ಮನುಷ್ಯನ ಹೆಸರು ಮುಬ್ತದಾ. ಮನೆಯಲ್ಲಿದ್ದಾನೆ, ಊರಿಗೆ ಹೋಗಿದ್ದಾನೆ ಎಂಬುದು ಖಬರು. ‘ಕಾನ’ ಎಂದರೆ ‘ಇದ್ದ’. ಅಸಾದನ ಆಳ್ವಿಕೆ ಡಿಸೆಂಬರ್ 8ರ ಬೆಳಗ್ಗೆ ‘ಇತ್ತು’ ಎಂಬುದಕ್ಕೆ ಸೇರಿತು. ಆದರೆ ಲಕ್ಷಕ್ಕೂ ಮೀರಿದ ಸಿರಿಯನ್ನರ ಹೆಸರುಗಳು ಇವತ್ತಿಗೂ ಬರೀ ಮುಬ್ತದಾ. ಹಿಡಿದೊಯ್ದದ್ದು ಗೊತ್ತು, ಮುಂದಿನದು ಗೊತ್ತಿಲ್ಲ. ಇದ್ದಾನೆ ಎನ್ನುವಂತಿಲ್ಲ, ಇದ್ದ ಎನ್ನಲು ತಾಯಿಯ ನಾಲಗೆ ಏಳುವುದಿಲ್ಲ.

ಆ ಬೆಳಗ್ಗೆ ಜನ ಓಡಿದ್ದು ಅರಮನೆಗೆ ಮಾತ್ರವಲ್ಲ, ದಮಾಸ್ಕಸ್‌ನ ಉತ್ತರಕ್ಕಿರುವ ಸೆದ್ನಾಯಾ ಸೆರೆಮನೆಗೂ. 2011ರಿಂದ 2015ರ ನಡುವೆ ಅಲ್ಲಿ 13,000ದವರೆಗೂ ಜನರನ್ನು ಗುಟ್ಟಾಗಿ ನೇಣಿಗೆ ಹಾಕಿರಬಹುದು ಎಂದು ಆಮ್ನೆಸ್ಟಿ 2017ರಲ್ಲಿ ಹೇಳಿತ್ತು. ಬಾಗಿಲು ತೆರೆದಾಗ ಬದುಕಿದ್ದವರು ಹೊರಬಂದರು. ಹುಡುಕಿಕೊಂಡು ಬಂದವರಿಗೆ ಹೋಲಿಸಿದರೆ ಹೊರಬಂದವರು ಬಹಳ ಕಡಿಮೆ. ನೆಲದಡಿ ಇನ್ನೂ ಮೂರು ಅಂತಸ್ತು ಇದೆ, ಅಲ್ಲಿ ಜನ ಉಸಿರುಗಟ್ಟುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತು. ಗಡಾರಿ, ಸುತ್ತಿಗೆ ಹಿಡಿದು ನೆಲ ಒಡೆದರು. ಬಿಳಿ ಶಿರಸ್ತ್ರಾಣದ ರಕ್ಷಣಾ ದಳದವರು ನಾಯಿಗಳನ್ನು ತಂದು ಗೋಡೆಗೋಡೆ ತಡಕಿದರು. ಗುಪ್ತ ನೆಲಮಾಳಿಗೆ ಇರಲಿಲ್ಲ. ಸಿಕ್ಕಿದ್ದು ಕಾಗದ: ರಿಜಿಸ್ಟರು, ಪಟ್ಟಿ, ಚೀಟಿ. ಮೊಬೈಲ್ ಬೆಳಕಿನಲ್ಲಿ ಅಪ್ಪಂದಿರು, ಅಣ್ಣಂದಿರು ಹೆಸರು ಹುಡುಕುತ್ತ ಆ ಹಾಳೆಗಳನ್ನು ತಿರುವಿದರು, ತುಳಿದರು, ಕೆಲವರು ಮನೆಗೆ ಒಯ್ದರು. ಗುಪ್ತಚರ ಶಾಖೆಗಳಲ್ಲಿ ಎಷ್ಟೋ ಕಡತ ಬೆಂಕಿಗೆ ಬಿದ್ದವು. ಒಂದೊಂದು ಹಾಳೆಯೂ ಯಾರದೋ ಮನೆಯವರು ಕಾಯುತ್ತಿದ್ದ ಖಬರು.

ಸರ್ವಾಧಿಕಾರ ಖಬರನ್ನು ಎಷ್ಟು ಅಚ್ಚುಕಟ್ಟಾಗಿ ಕೂಡಿಟ್ಟಿತ್ತು ಎಂಬುದು 2014ರಲ್ಲೇ ಜಗತ್ತಿಗೆ ಗೊತ್ತಾಗಿತ್ತು. ‘ಸೀಸರ್’ ಎಂಬ ಗುಪ್ತನಾಮದ ಸೇನಾ ಛಾಯಾಗ್ರಾಹಕ ಕದ್ದು ಸಾಗಿಸಿದ 53,000ದಷ್ಟು ಚಿತ್ರಗಳಲ್ಲಿ ಸೆರೆಯಲ್ಲಿ ಸತ್ತ ಸಾವಿರಾರು ಜನರ ದೇಹಗಳಿದ್ದವು. ದೇಹಕ್ಕೆ ಹೆಸರಿಲ್ಲ, ಸಂಖ್ಯೆಯಿದೆ: ಕೈದಿಯದೊಂದು, ಹಿಡಿದ ಶಾಖೆಯದೊಂದು, ಶವಪರೀಕ್ಷೆಯದೊಂದು. ಅಂದರೆ ಅಧಿಕಾರಿಗಳಿಗೆ ಯಾರು, ಎಲ್ಲಿ, ಯಾವಾಗ ಸತ್ತರು ಎಂಬುದೆಲ್ಲ ತಿಳಿದಿತ್ತು. ಮನೆಯವರಿಗೆ ಮಾತ್ರ ತಿಳಿಸಲಿಲ್ಲ. 2018ರಲ್ಲಿ ಸರ್ಕಾರ ಸದ್ದಿಲ್ಲದೆ ನಾಗರಿಕ ನೋಂದಣಿ ಪುಸ್ತಕಗಳಲ್ಲಿ ಸೆರೆಯಲ್ಲಿದ್ದವರ ಹೆಸರಿನ ಮುಂದೆ ‘ಮೃತ’ ಎಂದು ದಾಖಲಿಸತೊಡಗಿತು. ಯಾವುದೋ ಕೆಲಸಕ್ಕೆ ಕುಟುಂಬದ ದಾಖಲೆ ತರಲು ಕಚೇರಿಗೆ ಹೋದ ಹೆಂಡತಿಗೆ, ತಾಯಿಗೆ ಕಿಟಕಿಯ ಆಚೆಗಿನ ಗುಮಾಸ್ತನಿಂದ ಸಾವಿನ ಸುದ್ದಿ ಸಿಕ್ಕಿತು; ಸತ್ತು ವರ್ಷಗಳೇ ಆಗಿದ್ದವು. ದೇಹ ಕೊಡಲಿಲ್ಲ, ಹೂತ ಜಾಗ ಹೇಳಲಿಲ್ಲ.

ಕನ್ನಡದ ಒಂದು ಬರವಣಿಗೆಯ ರೂಢಿ ಇಲ್ಲಿ ನೆನಪಾಗುತ್ತದೆ. ಮುಸ್ಲಿಮರ ಸ್ಮಶಾನವನ್ನು ನಾವು ‘ಖಬರಸ್ತಾನ’ ಎಂದು ಬರೆಯುತ್ತೇವೆ. ಮೂಲದಲ್ಲಿ ಅದು ಬೇರೆಯೇ ಅಕ್ಷರದ ‘ಕಬ್ರ್’, ಅಂದರೆ ಗೋರಿ. ಸುದ್ದಿಯ ಖಬರಿಗೂ ಗೋರಿಯ ಕಬ್ರಿಗೂ ಹುಟ್ಟಿನ ನಂಟಿಲ್ಲ. ಅರಬ್ಬಿ ಬಲ್ಲವರಿಗೆ ನಮ್ಮ ‘ಖ’ ತಪ್ಪೆನಿಸೀತು. ಆದರೆ ಸಿರಿಯಾದ ಸಾವಿರಾರು ಮನೆಗಳಲ್ಲಿ ಈಗ ಎರಡೂ ಒಂದೇ. ಗೋರಿ ಎಲ್ಲಿದೆ ಎಂಬುದೇ ಅವರಿಗೆ ಬೇಕಾದ ಸುದ್ದಿ. ದಮಾಸ್ಕಸ್ ಸುತ್ತಲಿನ ಕುತೈಫಾ, ನಜ್ಹಾಗಳಲ್ಲಿ ಸಾಮೂಹಿಕವಾಗಿ ಹೂತ ನೆಲವಿದೆ. ಮೇಲೆ ಯಾವ ಹೆಸರೂ ಇಲ್ಲ.

ಮಾಜೆನ್ ಅಲ್ ಹಮಾದಾನ ಮನೆಯವರಿಗೆ ಖಬರು ಸಿಕ್ಕಿತು. ಸೆರೆಯ ಹಿಂಸೆ ಉಂಡು ಬಿಡುಗಡೆಯಾಗಿ, ನೆದರ್ಲೆಂಡ್ಸ್ ಸೇರಿ, ಕಂಡದ್ದನ್ನೆಲ್ಲ ಯುರೋಪು, ಅಮೆರಿಕಗಳಲ್ಲಿ ಅಳುತ್ತ ಹೇಳಿದವನು ಅವನು. 2020ರಲ್ಲಿ ಸಿರಿಯಾಕ್ಕೆ ಮರಳಿದವನೇ ಕಾಣೆಯಾದ. ಆಡಳಿತ ಬಿದ್ದ ಮರುದಿನಗಳಲ್ಲಿ ಹರಸ್ತಾದ ಸೇನಾ ಆಸ್ಪತ್ರೆಯಲ್ಲಿ ಅವನ ಶವ ಸಿಕ್ಕಿತು. ದಮಾಸ್ಕಸ್‌ನ ಬೀದಿಗಳಲ್ಲಿ ಸಾವಿರಾರು ಜನ ಅವನ ಶವಯಾತ್ರೆಯಲ್ಲಿ ನಡೆದರು. ತಮ್ಮ ತಮ್ಮವರ ಭಾವಚಿತ್ರ ಎದೆಗೆ ಹಿಡಿದು ಬಂದವರು ಅವರಲ್ಲಿ ಎಷ್ಟೋ ಮಂದಿ.

ಆಮೇಲೆ? ಬಂಡುಕೋರರ ನಾಯಕ ಅಹಮದ್ ಅಲ್ ಶರಾ 2025ರ ಜನವರಿಯಲ್ಲಿ ಮಧ್ಯಂತರ ಅಧ್ಯಕ್ಷನಾದ. ದಮಾಸ್ಕಸ್‌ನ ಅಂಗಡಿಯಲ್ಲಿ ಜನ ಡಾಲರನ್ನು ಡಾಲರೆಂದೇ ಕರೆದರು, ಹೋಟೆಲಿನಲ್ಲಿ ಗಟ್ಟಿಯಾಗಿ ಬೈದಾಡಿದರು. ಮೇ ತಿಂಗಳಲ್ಲಿ ಕಾಣೆಯಾದವರಿಗಾಗಿ ಒಂದು ರಾಷ್ಟ್ರೀಯ ಆಯೋಗ, ನ್ಯಾಯಕ್ಕಾಗಿ ಇನ್ನೊಂದು ಆಯೋಗ ರಚನೆಯಾದವು. ಎರಡನೆಯದರ ವ್ಯಾಪ್ತಿ ಹಿಂದಿನ ಆಡಳಿತದ ಅಪರಾಧಗಳಿಗೆ ಮಾತ್ರ. ಇಲ್ಲೇ ಅನುಮಾನ ಹುಟ್ಟುವುದು. ಶರಾನ ಸಂಘಟನೆ ಇದ್ಲಿಬ್ ಆಳುತ್ತಿದ್ದಾಗ ಅದಕ್ಕೂ ಸೆರೆಮನೆಗಳಿದ್ದವು. ಅಲ್ಲಿನ ಹಿಂಸೆಯ ವಿರುದ್ಧ 2024ರಲ್ಲೇ ಜನ ಬೀದಿಗಿಳಿದಿದ್ದರು. ಐಸಿಸ್ ಎತ್ತಿಕೊಂಡು ಹೋದವರ ಮನೆಯವರೂ ಕಾಯುತ್ತಿದ್ದಾರೆ. 2025ರ ಮಾರ್ಚ್‌ನಲ್ಲಿ ಕರಾವಳಿಯಲ್ಲಿ ಅಲವೈಟ್ ಸಮುದಾಯದವರ ಕಗ್ಗೊಲೆ ನಡೆಯಿತು. ಸರ್ಕಾರವೇ ನೇಮಿಸಿದ ಸಮಿತಿ ಸತ್ತವರು 1,426 ಎಂದಿತು. ಜುಲೈನಲ್ಲಿ ಸುವೈದಾದ ದ್ರೂಜ್ ಜನರ ಊರುಗಳಲ್ಲಿ ಮತ್ತೆ ರಕ್ತ ಹರಿಯಿತು. ಹೊಸ ಆಳ್ವಿಕೆಯಲ್ಲಿ ಹೊಸದಾಗಿ ಖಬರಿಲ್ಲದವರು ಸೇರಿಕೊಂಡರು.

ಇಂಥ ಕಡತಗಳನ್ನು ಏನು ಮಾಡಬೇಕು ಎಂಬುದಕ್ಕೆ ಹಿಂದಿನದೊಂದು ಉದಾಹರಣೆಯಿದೆ. ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸಂಸ್ಥೆ ಸ್ಟಾಸಿ ಬಿಟ್ಟುಹೋದ ಕಡತಗಳನ್ನು ಸಾಲಾಗಿ ಇಟ್ಟರೆ 111 ಕಿಲೋಮೀಟರ್. ಅವನ್ನು ನಾಶಮಾಡುತ್ತಿದ್ದಾರೆ ಎಂದು ತಿಳಿದ ಜನ 1990ರ ಜನವರಿಯಲ್ಲಿ ಅದರ ಕೇಂದ್ರ ಕಚೇರಿಗೇ ನುಗ್ಗಿದರು. ಮರುವರ್ಷ ಬಂದ ಕಾನೂನು ತನ್ನ ಮೇಲಿನ ಕಡತವನ್ನು ತಾನೇ ಓದುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿತು. ಓದಿದ ಕೆಲವರಿಗೆ ಗಂಡನೇ, ಗೆಳೆಯನೇ ವರದಿ ಬರೆದದ್ದು ಗೊತ್ತಾಗಿ ಮನೆ ಮುರಿಯಿತು. ಆದರೂ ಕಡತ ಮುಚ್ಚಿಡಬೇಕಿತ್ತು ಎಂದವರು ಕಡಿಮೆ. ಸಿರಿಯಾದ ಕಡತಗಳು ಅಷ್ಟು ಸುರಕ್ಷಿತವಾಗಿಲ್ಲ, ಆದರೆ ಎಲ್ಲವೂ ನಾಶವಾಗಿಲ್ಲ. ಅವುಗಳನ್ನು ಹೊಸ ಮುಖಾಬರಾತಿನ ಕಪಾಟಿಗೆ ಸೇರಿಸಿದರೆ ಬೀಗದ ಕೈ ಬದಲಾಯಿತೇ ಹೊರತು ಬೇರೇನೂ ಆಗಲಿಲ್ಲ.

ಸರ್ವಾಧಿಕಾರಿ ಓಡಿಹೋದ ದಿನವನ್ನು ಸ್ವಾತಂತ್ರ್ಯದ ದಿನ ಎನ್ನುವುದು ಸಹಜ, ಮತ್ತು ಸಿರಿಯನ್ನರಿಗೆ ಆ ಸಂಭ್ರಮದ ಹಕ್ಕಿದೆ. ಆದರೆ ಶರಾನ ಸರ್ಕಾರವನ್ನು ಅಳೆಯಬೇಕಾದದ್ದು ತೆಗೆಸಿದ ಆರ್ಥಿಕ ನಿರ್ಬಂಧಗಳಿಂದಲ್ಲ, ಕೈಕುಲುಕಿದ ವಿದೇಶಿ ನಾಯಕರ ಸಂಖ್ಯೆಯಿಂದಲೂ ಅಲ್ಲ. ಕಾಣೆಯಾದ ಎಷ್ಟು ಜನರ ಮನೆಗೆ ಖಬರು ತಲುಪಿತು, ಯಾರ ಕೈಯಲ್ಲಿ ಕಾಣೆಯಾದರು ಎಂಬ ಭೇದವಿಲ್ಲದೆ ತಲುಪಿತು ಎಂಬುದರಿಂದ ಅಳೆಯಬೇಕು. ಆ ಕೆಲಸ ಮಾಡದ ಸರ್ಕಾರ ಯಾವ ಬಾವುಟ ಹಾರಿಸಿದರೂ ಖಬರಗೇಡಿ ಸರ್ಕಾರವೇ.