ಮಧುಮೇಹಿ ಮತ್ತು ವೈದ್ಯರು: ಮುಚ್ಚುಮರೆಯಿಲ್ಲದ ಒಡನಾಟ

ಮಧುಮೇಹ ಬಹುಪಾಲು ಜನರಿಗೆ ಜೀವನಪೂರ್ತಿ ಜೊತೆಗಿರುವ ಕಾಯಿಲೆ. ಮೂರು ತಿಂಗಳಿಗೊಮ್ಮೆ ಹದಿನೈದು ನಿಮಿಷ ವೈದ್ಯರ ಎದುರು ಕೂತರೆ ವರ್ಷಕ್ಕೆ ಆಗುವುದು ಒಂದು ಗಂಟೆ. ಉಳಿದ 8,759 ಗಂಟೆ ಊಟ, ಮಾತ್ರೆ, ನಡಿಗೆ ಎಲ್ಲವೂ ರೋಗಿಯ ಕೈಯಲ್ಲೇ. ಆಗ ನಡೆದದ್ದನ್ನು ವೈದ್ಯರಿಗೆ ಇದ್ದದ್ದು ಇದ್ದಂತೆ ಹೇಳುವುದೇ ಒಳ್ಳೆಯ ಒಡನಾಟದ ತಳಪಾಯ.

ಮುಚ್ಚಿಟ್ಟರೆ ಆಗುವುದೇನು?

ರಕ್ತ ಪರೀಕ್ಷೆಗೆ ಎರಡು ದಿನ ಮೊದಲು ಸಿಹಿ ಬಿಡುವವರಿದ್ದಾರೆ. ಖಾಲಿ ಹೊಟ್ಟೆಯ ಸಕ್ಕರೆ ಅಂದು ಇಳಿದಿರಬಹುದು, ಆದರೆ ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯನ್ನು ಅಳೆಯುವ ಎಚ್‌ಬಿಎ1ಸಿ ಅಷ್ಟರಲ್ಲಿ ಇಳಿಯುವುದಿಲ್ಲ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅದಕ್ಕೆ ಅಂಟಿದ ಸಕ್ಕರೆ ಎರಡು–ಮೂರು ತಿಂಗಳ ಕಥೆಯನ್ನೇ ಹೇಳುತ್ತದೆ.

ಮಾತ್ರೆ ತಪ್ಪಿಸಿದ್ದನ್ನು ಹೇಳದಿರುವುದು ಇನ್ನೂ ಅಪಾಯ. ಮಾತ್ರೆ ಸಾಲುತ್ತಿಲ್ಲವೆಂದು ತಿಳಿದು ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ. ಮುಂದೆ ರೋಗಿ ಅಷ್ಟನ್ನೂ ತಪ್ಪದೆ ನುಂಗಿದರೆ, ಕೆಲವು ಮಾತ್ರೆಗಳಿಂದ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ತಲೆಸುತ್ತು ಬರಬಹುದು.

ಬರೆದಿಡುವ ಪುಸ್ತಕ

ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಅಂಕಿಯ ಪಕ್ಕದಲ್ಲೇ ಕಾರಣವನ್ನೂ ಬರೆಯಿರಿ: ‘ಸೋಮವಾರ ಖಾಲಿ ಹೊಟ್ಟೆ 118. ಮುದ್ದೆ, ಸೊಪ್ಪಿನ ಸಾರು ಉಂಡ ಎರಡು ಗಂಟೆಗೆ 165. ಮಂಗಳವಾರ ಮದುವೆ ಊಟ, ಹೋಳಿಗೆ, 240. ರಾತ್ರಿ ಮಾತ್ರೆ ಮರೆತೆ.’ ಇಂಥ ನಾಲ್ಕು ಸಾಲು ಕಂಡರೆ, ಬದಲಿಸಬೇಕಾದ್ದು ಊಟವೋ ಔಷಧಿಯೋ ಎಂಬುದು ವೈದ್ಯರಿಗೆ ಬೇಗ ಹೊಳೆಯುತ್ತದೆ.

ಕೇಳಬೇಕಾದ ಪ್ರಶ್ನೆಗಳು

• ನನ್ನ ಎಚ್‌ಬಿಎ1ಸಿ ಎಷ್ಟಿರಬೇಕು? (ಹಲವರಿಗೆ ಶೇ 7ಕ್ಕಿಂತ ಕಡಿಮೆ, ವಯಸ್ಸಾದವರಿಗೆ ತುಸು ಸಡಿಲ.)
• ಈ ಮಾತ್ರೆ ಊಟಕ್ಕೆ ಮುಂಚೆಯೋ, ಆಮೇಲೋ?
• ಏಕಾದಶಿ, ರಂಜಾನ್ ಉಪವಾಸ ಮಾಡಬಹುದೇ?
• ಕಣ್ಣು, ಪಾದ, ಮೂತ್ರದ ಆಲ್ಬುಮಿನ್ ಪರೀಕ್ಷೆ ಈ ವರ್ಷ ಆಗಿದೆಯೇ?

ಹೇಳಲು ಹಿಂಜರಿಯುವ ಮಾತು

ಮೆಟ್‌ಫಾರ್ಮಿನ್ ಶುರುವಾದಾಗ ಕೆಲವರಿಗೆ ಹೊಟ್ಟೆ ಕೆಡುತ್ತದೆ. ಸುಮ್ಮನೆ ನಿಲ್ಲಿಸುವ ಬದಲು ಹೇಳಿದರೆ, ನಿಧಾನವಾಗಿ ಕರಗುವ ಮಾತ್ರೆ ಬರೆದುಕೊಡಬಹುದು. ಔಷಧಿ ದುಬಾರಿಯೆನಿಸಿದರೆ ಅದನ್ನೂ ಹೇಳಿ. ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಯ ಮಾತ್ರೆಗಳಿವೆ. ಮನೆಯಲ್ಲಿ ಕುಡಿಯುವ ಕಷಾಯದ ವಿಷಯವೂ ವೈದ್ಯರಿಗೆ ಗೊತ್ತಿರಲಿ. ಎಷ್ಟು ಹೇಳಿದರೂ ಕಿವಿಗೊಡದ ವೈದ್ಯರಾದರೆ, ಹಳೆಯ ವರದಿಗಳೊಂದಿಗೆ ಬೇರೆಯವರನ್ನು ಕಾಣುವುದು ತಪ್ಪಲ್ಲ. ಹೊಸ ಸಲಹೆ ಸಿಗುವವರೆಗೆ ಔಷಧಿ ಮಾತ್ರ ನಿಲ್ಲಿಸಬೇಡಿ.

ಮುಂದಿನ ಸಲ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ತಪ್ಪಿಸಿದ ಮಾತ್ರೆಯ ಲೆಕ್ಕವನ್ನೇ ಮೊದಲು ಹೇಳಿ.